ಬಾವುಟ ಹಿಡಿಯುವ ಕೈ ಮೊದಲು ಬೆಲ್ಟ್ ಹಾಕಲಿ

ಯುವ ಕನ್ನಡಿಗರೇ,

ನವೆಂಬರ್ ಬಂತೆಂದರೆ ನಮ್ಮ ರಸ್ತೆಗಳಿಗೆ ಹೊಸ ಜೀವ ಬರುತ್ತದೆ. ಅರಿಶಿನ ಕುಂಕುಮದ ಬಾವುಟ ಕಟ್ಟಿದ ಕಾರುಗಳು ಸಾಲುಗಟ್ಟಿ ಹೊರಡುತ್ತವೆ. ಕಿಟಕಿಯ ಅಂಚಿನ ಮೇಲೆ ಕೂತು ಅರ್ಧ ದೇಹ ಹೊರಗೆ ಚಾಚಿದವನೊಬ್ಬ, ಮೇಲ್ಛಾವಣಿಯ ಕಿಂಡಿಯಿಂದ ಎದೆಯವರೆಗೂ ಹೊರಬಂದು ಬಾವುಟ ಬೀಸುವವನೊಬ್ಬ, ಒಂದು ಕೈಯಲ್ಲಿ ಸ್ಟೀರಿಂಗ್ ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಮೆರವಣಿಗೆಯನ್ನು ಚಿತ್ರ ಹಿಡಿಯುತ್ತಲೇ ಕಾರು ಓಡಿಸುವವನೊಬ್ಬ. ಜೈಕಾರ ಕೇಳಿದರೆ ಮೈ ಜುಂ ಎನ್ನುತ್ತದೆ, ನಿಜ. ಆದರೆ ಮುಂದಿನ ಕಾರು ತಟ್ಟನೆ ನಿಂತರೆ ಆ ಕಿಟಕಿಯ ಹುಡುಗನ ಗತಿ ಏನು? ಈ ಪ್ರಶ್ನೆಯನ್ನು ಹೊರಗಿನವರು ಕೇಳಿದರೆ ನಮಗೆ ಸಿಟ್ಟು ಬರುತ್ತದೆ. ಅದಕ್ಕೇ ನಾವೇ ಕೇಳುತ್ತಿದ್ದೇವೆ.

ಕನ್ನಡಕ್ಕಾಗಿ ಪ್ರಾಣ ಕೊಡುತ್ತೇವೆ ಎಂದು ವೇದಿಕೆಯ ಮೇಲೆ ಕೂಗುವುದು ಸುಲಭ. ಕನ್ನಡಕ್ಕೆ ಬೇಕಾಗಿರುವುದು ನಿಮ್ಮ ಪ್ರಾಣವಲ್ಲ, ನಿಮ್ಮ ಬದುಕು. ಹೆದ್ದಾರಿಯ ಡಿವೈಡರಿಗೆ ತಲೆ ಕೊಟ್ಟವನಿಂದ ಯಾವ ಭಾಷೆಯೂ ಉದ್ಧಾರವಾಗುವುದಿಲ್ಲ. ಒಂದು ಮನೆ ಕತ್ತಲಾಗುತ್ತದೆ, ಅಷ್ಟೇ.

1990ರ ಸೆಪ್ಟೆಂಬರ್ 30ರ ಬೆಳಗನ್ನು ನಿಮ್ಮ ತಂದೆ ತಾಯಿಯ ವಯಸ್ಸಿನವರನ್ನು ಕೇಳಿ ನೋಡಿ. ದಾವಣಗೆರೆ ಹತ್ತಿರದ ಆನಗೋಡಿನ ಬಳಿ ಒಂದು ಕಾರು ಅಪಘಾತ. ಶಂಕರ್‌ನಾಗ್ ಹೋಗಿಬಿಟ್ಟರು. ವಯಸ್ಸು ಇನ್ನೂ 36 ತುಂಬಿರಲಿಲ್ಲ. ಇವತ್ತಿಗೂ ಬೆಂಗಳೂರಿನ ಆಟೋಗಳ ಬೆನ್ನ ಮೇಲೆ ಆ ನಗುಮುಖ ಇದೆ. ಇನ್ನೂ 30 ವರ್ಷ ಕೆಲಸ ಮಾಡಬೇಕಾಗಿದ್ದ ಒಬ್ಬ ಮನುಷ್ಯನನ್ನು ಒಂದು ರಸ್ತೆ ಒಂದೇ ಕ್ಷಣದಲ್ಲಿ ಕಿತ್ತುಕೊಂಡಿತು. ಆಗಿನ ನಮ್ಮ ರಸ್ತೆಯ ಕಾರುಗಳಲ್ಲಿ ಏರ್‌ಬ್ಯಾಗ್ ಎಂಬುದು ಕೇಳರಿಯದ ಮಾತು. ಈಗ ನಿಮ್ಮ ಕಾರಿನಲ್ಲಿ ಎರಡೋ ಆರೋ ಏರ್‌ಬ್ಯಾಗ್ ಇವೆ, ಎಬಿಎಸ್ ಇದೆ, ಬೆಲ್ಟ್ ಹಾಕದಿದ್ದರೆ ಕೂಗುವ ಗಂಟೆ ಇದೆ. ಅಂದರೆ ಅಂದು ಇಲ್ಲದ ಭಾಗ್ಯ ಇಂದು ನಿಮಗಿದೆ. ಅದನ್ನು ನೀವು ಏನು ಮಾಡುತ್ತಿದ್ದೀರಿ?

ಗಂಟೆಯ ಬಾಯಿ ಮುಚ್ಚಿಸುವ ಜಾಣರು

ಬಹಳ ಜನ ಏನು ಮಾಡುತ್ತಾರೆ ಗೊತ್ತೇ? ಆ ಗಂಟೆಯ ಬಾಯಿ ಮುಚ್ಚಿಸುತ್ತಾರೆ. ಬೆಲ್ಟನ್ನು ಬೆನ್ನ ಹಿಂದಿನಿಂದ ಎಳೆದು ಸಿಕ್ಕಿಸಿ ಅದರ ಮೇಲೆ ಕೂರುತ್ತಾರೆ. ಇನ್ನೂ ಜಾಣರಾದವರು ಬೆಲ್ಟಿನ ಬದಲು ಸಿಕ್ಕಿಸುವ ಒಂದು ತಗಡಿನ ನಾಲಗೆಯನ್ನೇ ದುಡ್ಡು ಕೊಟ್ಟು ತರುತ್ತಾರೆ. ಈ ದಂಧೆ ಎಷ್ಟು ಬೆಳೆದಿತ್ತೆಂದರೆ 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಆದೇಶ ಕೊಟ್ಟು ಇಂಥ 13,118 ಮಾರಾಟ ಪಟ್ಟಿಗಳನ್ನು ತೆಗೆಸಬೇಕಾಯಿತು. ಸಾವನ್ನು ಎಚ್ಚರಿಸುವ ಗಂಟೆಗೆ ಬಟ್ಟೆ ತುರುಕಲು ನಾವೇ ಕಾಸು ಕೊಡುತ್ತೇವೆ. ಮಂಗನ ಕೈಗೆ ಮಾಣಿಕ್ಯ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಲೆಕ್ಕ ಬೇಕೇ? ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ಸೀಟ್ ಬೆಲ್ಟ್ ಹಾಕದೆ ಸತ್ತವರು 16,715. ಅದನ್ನು ಒಡೆದು ನೋಡಿ: ಚಾಲಕರು 8,384, ಪ್ರಯಾಣಿಕರು 8,331. ಹೆಚ್ಚುಕಡಿಮೆ ಸರಿಸಮ! ಬೆಲ್ಟ್ ಇರುವುದು ಡ್ರೈವರ್‌ಗೆ, ಅದೂ ಪೊಲೀಸ್ ಕಂಡಾಗ ಮಾತ್ರ ಎಂದು ತಿಳಿದವರಿಗೆ ಈ ಒಂದು ಅಂಕಿ ಸಾಕು.

ಅದೇ 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರು. ಕೂತಿದ್ದದ್ದು ಲಕ್ಷಾಂತರ ಬೆಲೆಯ ವಿದೇಶಿ ಕಾರಿನಲ್ಲಿ. ಆದರೆ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ಜೊತೆಗೆ ಹಿಂದೆ ಕೂತಿದ್ದವರೂ ಉಳಿಯಲಿಲ್ಲ, ಮುಂದೆ ಕೂತಿದ್ದ ಇಬ್ಬರೂ ಬದುಕಿದರು. ಕಾರಿನ ಬೆಲೆ ಜೀವ ಉಳಿಸುವುದಿಲ್ಲ. ಎರಡು ಇಂಚಿನ ಪಟ್ಟಿ ಉಳಿಸುತ್ತದೆ.

ಕಾನೂನು ಏನು ಹೇಳುತ್ತದೆ? ಕೇಂದ್ರ ಮೋಟಾರು ವಾಹನ ನಿಯಮದ 138ನೇ ಕಲಂ ಹಿಂದೆ ಕೂತವರೂ ಬೆಲ್ಟ್ ಹಾಕಬೇಕೆನ್ನುತ್ತದೆ. 2019ರ ತಿದ್ದುಪಡಿಯ 194ಬಿ ಕಲಂ ಪ್ರಕಾರ ಹಾಕದವರಿಗೆ ಸಾವಿರ ರೂಪಾಯಿ ದಂಡ. 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಹಾಕದಿದ್ದರೂ ಅಷ್ಟೇ ದಂಡ. ಆದರೆ ದಂಡದ ಮಾತು ಬಿಡಿ. ಸಾವಿರ ರೂಪಾಯಿಗೆ ಹೆದರಿ ಜೀವ ಉಳಿಸಿಕೊಳ್ಳುವ ಗತಿ ನಮಗೇಕೆ?

ಮೂರಂತಸ್ತಿನಿಂದ ಜಿಗಿಯುವ ಧೈರ್ಯ ಇದೆಯೇ?

ಊರೊಳಗೆ ತಾನೇ, 50ರಲ್ಲಿ ಹೋಗುತ್ತಿದ್ದೇನೆ, ಬೆಲ್ಟ್ ಯಾಕೆ ಎನ್ನುತ್ತೀರಿ. ಪಿಯುಸಿಯಲ್ಲಿ ಓದಿದ ಭೌತಶಾಸ್ತ್ರ ನೆನಪಿಸಿಕೊಳ್ಳಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದುವುದೂ ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಮಾಳಿಗೆಯಿಂದ, ನೆಲಕ್ಕೆ ಬೀಳುವುದೂ ಒಂದೇ. 100ರಲ್ಲಿ ಗುದ್ದಿದರೆ ಅದು ಎರಡು ಪಟ್ಟು ಅಲ್ಲ, ನಾಲ್ಕು ಪಟ್ಟು: ಹನ್ನೆರಡು ಅಂತಸ್ತಿನ ಮೇಲಿಂದ ಬಿದ್ದ ಹಾಗೆ. ಕಾರು ನಿಲ್ಲುತ್ತದೆ, ಒಳಗಿನ ನೀವು ನಿಲ್ಲುವುದಿಲ್ಲ. ಅದೇ ವೇಗದಲ್ಲಿ ಸ್ಟೀರಿಂಗಿಗೋ ಗಾಜಿಗೋ ಮುಂದಿನ ಸೀಟಿಗೋ ಹೋಗಿ ಬಡಿಯುತ್ತೀರಿ. ಹಿಂದೆ ಬೆಲ್ಟ್ ಇಲ್ಲದೆ ಕೂತ ಗೆಳೆಯ ಮುಂದೆ ಕೂತ ನಿಮ್ಮ ಬೆನ್ನಿಗೇ ಮೂಟೆಯಂತೆ ಬಂದು ಅಪ್ಪಳಿಸುತ್ತಾನೆ. ಅವನ ಬೆಲ್ಟ್ ಅವನ ಸ್ವಂತ ವಿಷಯ ಎಂದು ಸುಮ್ಮನಿರಬೇಡಿ.

ಮಗುವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ ಎನ್ನುವ ತಾಯಂದಿರಿಗೂ ಈ ಲೆಕ್ಕ ಹೇಳಿ. 50ರ ವೇಗದ ಅಪಘಾತದಲ್ಲಿ 10 ಕಿಲೋ ಮಗು ಒಂದು ಕ್ಷಣ ನೂರು ಕಿಲೋಗೂ ಮಿಗಿಲಾದ ಭಾರವಾಗುತ್ತದೆ. ಯಾವ ತಾಯಿಯ ಪ್ರೀತಿಗೂ ಅಷ್ಟು ತೋಳ್ಬಲ ಇಲ್ಲ. ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕೂತ ಮಗುವಾದರೆ ದೊಡ್ಡವರಿಗೂ ಏರ್‌ಬ್ಯಾಗಿಗೂ ನಡುವೆ ಸಿಕ್ಕಿಬೀಳುತ್ತದೆ. ಮಗುವಿನ ಜಾಗ ಹಿಂದಿನ ಸೀಟು, ಅದರ ಅಳತೆಗೆ ತಕ್ಕ ಮಕ್ಕಳ ಆಸನ. ಹಿಂದಕ್ಕೆ ಮುಖ ಮಾಡಿ ಕೂರಿಸುವ ಶಿಶುವಿನ ಆಸನವನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿಗೆ ಎಂದೆಂದಿಗೂ ಕಟ್ಟಬೇಡಿ.

ಇನ್ನು ಆ ಮೇಲ್ಛಾವಣಿಯ ಕಿಂಡಿ. ಸನ್‌ರೂಫ್ ಇರುವುದು ಬೆಳಕಿಗೆ, ಗಾಳಿಗೆ. ಮಕ್ಕಳನ್ನು ನಿಲ್ಲಿಸಿ ಊರು ತೋರಿಸುವುದಕ್ಕಲ್ಲ. 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ಬೆಂಗಳೂರಿನಲ್ಲೇ ಹಾಗೆ ನಿಂತಿದ್ದ ಪುಟ್ಟ ಹುಡುಗನ ತಲೆ ರಸ್ತೆಗೆ ಅಡ್ಡಲಾಗಿ ಹಾಕಿದ್ದ ಎತ್ತರ ತಡೆಯ ಕಂಬಿಗೆ ಬಡಿದದ್ದನ್ನು ಇಡೀ ನಾಡು ನೋಡಿತು. ನೋಡಿ ಮರೆತೂ ಬಿಟ್ಟಿತು. ಮುಂದಿನ ಭಾನುವಾರವೇ ಮತ್ತೆ ಕಿಂಡಿಗಳಿಂದ ಪುಟ್ಟ ತಲೆಗಳು ಹೊರಗೆ.

ಊಟವೂ ಉಪ್ಪಿನಕಾಯಿಯೂ

ಏರ್‌ಬ್ಯಾಗ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ನಿಮ್ಮ ಸ್ಟೀರಿಂಗಿನ ಮೇಲೆ, ಡ್ಯಾಶ್‌ಬೋರ್ಡಿನ ಮೇಲೆ ಎಸ್‌ಆರ್‌ಎಸ್ ಎಂದು ಮೂರು ಅಕ್ಷರ ಕೆತ್ತಿರುತ್ತಾರೆ. ಅದರ ಕನ್ನಡ ಏನು ಗೊತ್ತೇ? ಪೂರಕ ತಡೆ ವ್ಯವಸ್ಥೆ. ಪೂರಕ ಎಂದರೆ ಉಪ್ಪಿನಕಾಯಿ. ಊಟ ಎಂದರೆ ಬೆಲ್ಟ್. ಊಟವನ್ನೇ ಬಡಿಸದೆ ಬರೀ ಉಪ್ಪಿನಕಾಯಿ ನೆಕ್ಕಿ ಬದುಕುತ್ತೇನೆ ಎನ್ನುವವನನ್ನು ಏನೆಂದು ಕರೆಯೋಣ?

ಏರ್‌ಬ್ಯಾಗ್ ಹೂವಿನ ಹಾಸಿಗೆ ಅಲ್ಲ. ಕಣ್ಣು ಮಿಟುಕಿಸುವುದಕ್ಕಿಂತ ಬೇಗ, ಸೆಕೆಂಡಿನ ನೂರನೇ ಮೂರು ನಾಲ್ಕು ಪಾಲಿನಲ್ಲಿ ಅದು ಸಿಡಿದು ಉಬ್ಬುತ್ತದೆ. ಬೆಲ್ಟ್ ನಿಮ್ಮನ್ನು ಹಿಂದೆ ಹಿಡಿದಿದ್ದರೆ ಅದು ದಿಂಬು. ಹಿಡಿದಿಲ್ಲದಿದ್ದರೆ ಅದೇ ಗುದ್ದು. ಆದ್ದರಿಂದ ಎದೆಗೂ ಸ್ಟೀರಿಂಗಿನ ನಡುಭಾಗಕ್ಕೂ ಕನಿಷ್ಠ 25 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಅಂತರ ಇರಲಿ. ಪಕ್ಕದ ಸೀಟಿನವರು ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚಿ ಕೂರುವ ಸಿನಿಮಾ ಶೋಕಿ ಬಿಡಲಿ. ಏರ್‌ಬ್ಯಾಗ್ ಸಿಡಿದರೆ ಮೊಣಕಾಲು ಮುಖಕ್ಕೆ ಬಂದು ಬಡಿಯುತ್ತದೆ.

ಇಲ್ಲೇ ನಮ್ಮವರಿಗೆ ನೋವಾಗುವ ಒಂದು ಮಾತನ್ನೂ ಹೇಳಿಬಿಡುತ್ತೇವೆ. ಡ್ಯಾಶ್‌ಬೋರ್ಡಿನ ಮೇಲೆ ಗಣಪತಿ ಇರುತ್ತಾನೆ, ತಾಯಿ ಭುವನೇಶ್ವರಿಯ ವಿಗ್ರಹ ಇರುತ್ತದೆ, ಲೋಹದ ಕಡ್ಡಿಗೆ ಸಿಕ್ಕಿಸಿದ ಕನ್ನಡ ಬಾವುಟ ಇರುತ್ತದೆ. ಭಕ್ತಿಯೂ ಅಭಿಮಾನವೂ ಇರಲಿ. ಆದರೆ ಪ್ರಯಾಣಿಕನ ಏರ್‌ಬ್ಯಾಗ್ ಸಿಡಿದು ಬರುವುದು ಬಹುಪಾಲು ಕಾರುಗಳಲ್ಲಿ ಅದೇ ಜಾಗದಿಂದ. ಅಂಟಿಸಿದ ವಿಗ್ರಹ ಆಗ ಗುಂಡಿನಂತೆ ಪಕ್ಕದವರ ಮುಖಕ್ಕೆ ಹಾರುತ್ತದೆ. ಬಾವುಟದ ಕಡ್ಡಿ ಬಾಣವಾಗುತ್ತದೆ. ಯಾವ ದೇವರೂ ಯಾವ ತಾಯಿಯೂ ಇದನ್ನು ಮೆಚ್ಚುವುದಿಲ್ಲ. ಬಾವುಟ ತೆಗೆಯಿರಿ ಎನ್ನುತ್ತಿಲ್ಲ, ಜಾಗ ಬದಲಿಸಿ ಎನ್ನುತ್ತಿದ್ದೇವೆ. ಬಟ್ಟೆಯ ಪುಟ್ಟ ಬಾವುಟವನ್ನು ಏರ್‌ಬ್ಯಾಗಿಗೂ ಕಣ್ಣಿಗೂ ಅಡ್ಡವಾಗದ ಕಡೆ ಅಂಟಿಸಿ. ಸ್ಟೀರಿಂಗಿನ ನಡುವೆ ಸ್ಟಿಕರ್ ಮೆತ್ತುವುದು, ಪಕ್ಕದ ಏರ್‌ಬ್ಯಾಗ್ ಇರುವ ಸೀಟಿಗೆ ಸಿಕ್ಕಿದ ಕವರ್ ಹೊಲಿಸುವುದು, ಇವೂ ಅದೇ ಜಾತಿಯ ತಪ್ಪು. ಕನ್ನಡಿಗೆ ನೇತುಹಾಕಿದ ಗೊಂಬೆ, ಸರ ಎಲ್ಲ ಇಳಿಸಿ. ರಸ್ತೆ ಕಾಣಬೇಕಾದ ಕಡೆ ತೋರಣ ಯಾಕೆ?

ಹೊರಡುವ ಮುಂಚಿನ ಎರಡು ನಿಮಿಷ

ಕೀಲಿ ತಿರುಗಿಸುವ ಮುಂಚೆ ಎರಡು ನಿಮಿಷ ಕೊಡಿ. ಮೊದಲು ಸೀಟು. ಕ್ಲಚ್ ಅಥವಾ ಬ್ರೇಕ್ ಪೂರ್ತಿ ತುಳಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಬೆನ್ನು ಸೀಟಿಗೆ ಅಂಟಿರುವಾಗ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿ ಮುಟ್ಟಬೇಕು. ಈಸಿಚೇರಿನಂತೆ ಮಲಗಿಕೊಂಡು ಓಡಿಸುವವನನ್ನು ಬೆಲ್ಟೂ ಹಿಡಿಯುವುದಿಲ್ಲ, ಕೆಳಗಿಂದ ಜಾರಿಹೋಗುತ್ತಾನೆ.

ಆಮೇಲೆ ತಲೆಯ ಹಿಂದಿನ ಮೆತ್ತೆ. ಅದು ನಿದ್ದೆ ಮಾಡಲು ಕೊಟ್ಟ ದಿಂಬು ಎಂದುಕೊಂಡವರೇ ಹೆಚ್ಚು. ಹಿಂದಿನಿಂದ ಯಾರಾದರೂ ಗುದ್ದಿದಾಗ ತಲೆ ಹಿಂದಕ್ಕೆ ಚಾಟಿಯಂತೆ ಬೀಸಿ ಕತ್ತಿನ ಮೂಳೆಗೆ ಪೆಟ್ಟಾಗದಂತೆ ತಡೆಯುವುದು ಅದರ ಕೆಲಸ. ಅದರ ಮೇಲಂಚು ನಿಮ್ಮ ನೆತ್ತಿಯ ಮಟ್ಟಕ್ಕೆ ಬರಲಿ. ಕತ್ತಿನ ಹತ್ತಿರ ಇಳಿಸಿಟ್ಟರೆ ಅದು ಉಳಿಸುವುದಿಲ್ಲ, ಮುರಿಯುತ್ತದೆ.

ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು. ಮೇಲ್ಪಟ್ಟಿ ಎದೆಯ ನಡುವೆ ಹಾದು ಭುಜದ ಮೂಳೆಯ ಮೇಲೆ ಹೋಗಬೇಕು. ಕಂಕುಳ ಕೆಳಗೆ ಸಿಕ್ಕಿಸಬಾರದು. ಗರ್ಭಿಣಿಯರೂ ಹಾಕಬೇಕು, ಕೆಳಪಟ್ಟಿ ಹೊಟ್ಟೆಯ ಕೆಳಗೆ ಬರುವಂತೆ. ಈ ಮೂರು ಬಿಂದುವಿನ ಬೆಲ್ಟನ್ನು 1959ರಲ್ಲಿ ಕೊಟ್ಟವರು ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ ಎಂಬ ಸ್ವೀಡನ್ನಿನ ಎಂಜಿನಿಯರ್. ಕಂಪನಿ ಆ ಪೇಟೆಂಟನ್ನು ಬಚ್ಚಿಟ್ಟು ದುಡ್ಡು ಮಾಡಲಿಲ್ಲ, ಎಲ್ಲ ಕಾರು ತಯಾರಕರಿಗೂ ಬಿಟ್ಟುಕೊಟ್ಟಿತು. ಜಗತ್ತಿಗೆ ಬಿಟ್ಟಿ ಸಿಕ್ಕಿದ ಜೀವದಾನ ಅದು. ನಮಗೆ ಎಳೆದು ಸಿಕ್ಕಿಸಲು ಬೇಸರ.

ಮೂರು ಕನ್ನಡಿಗಳನ್ನೂ ನಿಂತಲ್ಲೇ ಸರಿಮಾಡಿಕೊಳ್ಳಿ. ರಾತ್ರಿ ಹಿಂದಿನ ಗಾಡಿಯ ಬೆಳಕು ಕಣ್ಣು ಕುಕ್ಕಿದರೆ ಒಳಗನ್ನಡಿಯ ಕೆಳಗೆ ಒಂದು ಪುಟ್ಟ ಕಡ್ಡಿ ಇರುತ್ತದೆ, ಹಿಂದೆ ಮುಂದೆ ಆಡಿಸಿ, ಬೆಳಕು ಮಂದವಾಗುತ್ತದೆ. ಎಷ್ಟು ಜನಕ್ಕೆ ಗೊತ್ತು ಇದು? ಕಾಲ ಕೆಳಗಿನ ಮ್ಯಾಟ್ ಬ್ರೇಕ್ ಪೆಡಲಿಗೆ ಸಿಕ್ಕಿಕೊಳ್ಳದಂತೆ ನೋಡಿ. ನೀರಿನ ಬಾಟಲಿ ಬಾಗಿಲ ಜೇಬಿನಲ್ಲಿರಲಿ. ಉರುಳಿ ಬಂದು ಬ್ರೇಕಿನ ಕೆಳಗೆ ಕೂತ ಒಂದು ಬಾಟಲಿ ಸಾಕು, ಬ್ರೇಕ್ ಇದ್ದೂ ಇಲ್ಲದಂತಾಗುತ್ತದೆ. ಹಿಂದೆ ಮಕ್ಕಳಿದ್ದರೆ ಬಾಗಿಲಿನ ಚೈಲ್ಡ್ ಲಾಕ್ ಹಾಕಿ.

ಭಾಷೆ ಇಲ್ಲದ ದೀಪಗಳು

ಕೀಲಿ ತಿರುಗಿಸಿದ ಕೂಡಲೇ ಎದುರಿನ ಫಲಕದಲ್ಲಿ ದೀಪಾವಳಿ. ಎಲ್ಲ ಒಮ್ಮೆ ಹತ್ತಿ ಆರುತ್ತವೆ. ಅದು ಅಲಂಕಾರ ಅಲ್ಲ, ಹಾಜರಿ. ಆರದೆ ಉಳಿದದ್ದು ಯಾವುದೋ ಅದು ನಿಮ್ಮ ಜೊತೆ ಮಾತಾಡುತ್ತಿದೆ. ಕೆಂಪು ಎಂದರೆ ನಿಲ್ಲಿಸು. ಹಳದಿ ಎಂದರೆ ಬೇಗ ತೋರಿಸು. ಹಸಿರು, ನೀಲಿ ಎಂದರೆ ಏನೋ ಚಾಲೂ ಇದೆ. ನೀಲಿ ಉರಿಯುತ್ತಿದ್ದರೆ ನಿಮ್ಮ ಹೈಬೀಮ್ ಎದುರಿನವನ ಕಣ್ಣು ಕುರುಡು ಮಾಡುತ್ತಿದೆ, ಇಳಿಸಿ.

ಎಣ್ಣೆ ಗಿಂಡಿಯ ಚಿತ್ರ ಕೆಂಪಾದರೆ ಎಂಜಿನ್ನಿಗೆ ಎಣ್ಣೆಯ ಒತ್ತಡ ಇಲ್ಲ ಎಂದರ್ಥ. ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿ, ಮುಂದಿನ ಊರಿನವರೆಗೆ ನೋಡೋಣ ಎನ್ನಬೇಡಿ. ನೀರಿನಲ್ಲಿ ಮುಳುಗಿದ ಥರ್ಮಾಮೀಟರ್ ಕೆಂಪಾದರೆ ಎಂಜಿನ್ ಕುದಿಯುತ್ತಿದೆ, ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಮುಖ ಸುಟ್ಟುಕೊಳ್ಳಬೇಡಿ. ವೃತ್ತದೊಳಗಿನ ಉದ್ಗಾರ ಚಿಹ್ನೆ ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಕೆಂಪಾಗಿದ್ದರೆ ಬ್ರೇಕ್ ಎಣ್ಣೆ ಇಳಿದಿರಬಹುದು. ಕೂತ ಮನುಷ್ಯನ ಮುಂದೆ ಚೆಂಡಿರುವ ದೀಪ ಆರದಿದ್ದರೆ ಅಪಘಾತದ ಹೊತ್ತಿನಲ್ಲಿ ಏರ್‌ಬ್ಯಾಗ್ ಕೈಕೊಡಬಹುದು. ಎಬಿಎಸ್ ದೀಪ ಉಳಿದರೆ ಬ್ರೇಕ್ ಹಿಡಿಯುತ್ತದೆ, ಆದರೆ ಚಕ್ರ ಜಾಮ್ ಆಗದಂತೆ ಕಾಯುವವನು ರಜೆಯಲ್ಲಿದ್ದಾನೆ.

ಈ ಎಬಿಎಸ್ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಹಳೆಯ ಕಾರು ಓಡಿಸಿದ ಹಿರಿಯರು ಬ್ರೇಕನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡು ಎಂದು ಕಲಿಸಿರುತ್ತಾರೆ. ಎಬಿಎಸ್ ಇರುವ ಕಾರಿನಲ್ಲಿ ಹಾಗೆ ಮಾಡಬೇಡಿ. ಆಪತ್ತಿನಲ್ಲಿ ಬಲವಾಗಿ ತುಳಿದು ಹಿಡಿದೇ ಇರಿ. ಕಾಲ ಕೆಳಗೆ ಪೆಡಲ್ ಗಡಗಡ ನಡುಗುತ್ತದೆ, ಹೆದರಿ ಕಾಲು ತೆಗೆಯಬೇಡಿ, ಅದು ಕೆಲಸ ಮಾಡುತ್ತಿರುವ ಸದ್ದು. ಬ್ರೇಕ್ ಹಿಡಿದೇ ಸ್ಟೀರಿಂಗ್ ತಿರುಗಿಸಿ ಪಾರಾಗಲು ಅದು ದಾರಿ ಕೊಡುತ್ತದೆ.

83 ಮೀಟರ್ ಕಣ್ಣುಮುಚ್ಚಾಲೆ

ಈಗಿನ ಕಾರುಗಳಲ್ಲಿ ಟಿವಿಯಂಥ ಪರದೆ. ಹಾಡು ಬದಲಿಸಲು, ಎಸಿ ತಣ್ಣಗೆ ಮಾಡಲು, ದಾರಿ ಹುಡುಕಲು ಎಲ್ಲಕ್ಕೂ ಬೆರಳು ಅಲ್ಲಿಗೇ. 100ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಮೂರು ಸೆಕೆಂಡ್ ಪರದೆ ನೋಡಿದರೆ 83 ಮೀಟರ್ ಕಣ್ಣು ಮುಚ್ಚಿಕೊಂಡು ಓಡಿಸಿದಂತೆ. ಕಬಡ್ಡಿ ಅಂಕಣವನ್ನು ಆರು ಸಲ ದಾಟಿದಷ್ಟು ದೂರ! ದಾರಿಯ ವಿಳಾಸವನ್ನು ಹೊರಡುವ ಮುಂಚೆಯೇ ತುಂಬಿಸಿ. ಹಾಡು ಹಾಕುವ ಕೆಲಸ ಪಕ್ಕದವನಿಗೆ ವಹಿಸಿ. ಸ್ಟೀರಿಂಗಿನ ಮೇಲೆ ಗುಂಡಿಗಳಿದ್ದರೆ ನಿಂತಾಗ ಅಭ್ಯಾಸ ಮಾಡಿ, ಬೆರಳಿಗೇ ಗೊತ್ತಾಗುವಷ್ಟು. ಮೊಬೈಲ್ ಕೈಗೆ ಬಂದರೆ ಕಾರು ಪಕ್ಕಕ್ಕೆ ನಿಲ್ಲಲಿ. ಕುಡಿದು ಸ್ಟೀರಿಂಗ್ ಹಿಡಿಯುವವನ ಬಗ್ಗೆ ಬರೆಯಲು ಜಾಗ ದಂಡ. ಅವನ ಕೈಯಿಂದ ಕೀಲಿ ಕಿತ್ತುಕೊಳ್ಳುವವನೇ ಅವನ ನಿಜವಾದ ಗೆಳೆಯ.

ಬೆಂಗಳೂರು ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಜನಕ್ಕೆ ರಸ್ತೆ ಸಿಕ್ಕಿತು, ಹೆಣಗಳ ಸಾಲೂ ಸಿಕ್ಕಿತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಡಬೇಕಾಯಿತು. 100ರ ಮಿತಿ ಹಾಕಿ ಕ್ಯಾಮೆರಾ ಕಟ್ಟಬೇಕಾಯಿತು. 2024ರ ಆಗಸ್ಟ್‌ನಿಂದ 130 ದಾಟಿದವರ ಮೇಲೆ ಎಫ್‌ಐಆರ್ ಎಂದು ಪೊಲೀಸರು ಸಾರಬೇಕಾಯಿತು. ರಸ್ತೆ ನೇರವಾಯಿತು, ನಮ್ಮ ತಲೆ ನೇರವಾಗಲಿಲ್ಲ. 2019ರ ಜುಲೈ ನಂತರ ತಯಾರಾದ ಕಾರುಗಳಲ್ಲಿ 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಕೂಗುವ ಎಚ್ಚರಿಕೆ ಕಡ್ಡಾಯ. ಆ ಸದ್ದು ಕೇಳಿಸಬಾರದೆಂದು ಹಾಡಿನ ಸದ್ದು ಏರಿಸುವ ಗೆಳೆಯರು ನಿಮ್ಮಲ್ಲಿ ಇಲ್ಲವೇ? 100ರಲ್ಲಿ ಹೋಗುವ ಕಾರು, ಅಪಾಯ ಕಂಡು ಬ್ರೇಕ್ ತುಳಿದು ಪೂರ್ತಿ ನಿಲ್ಲಲು ಒಣ ರಸ್ತೆಯಲ್ಲೇ ಹೆಚ್ಚುಕಡಿಮೆ 80 ಮೀಟರ್ ಬೇಕು. ಮುಂದಿನ ಕಾರು ದಾಟಿದ ಕಂಬವನ್ನು ನೀವು ತಲುಪಲು ಮೂರು ಸೆಕೆಂಡ್ ಆಗಲಿ. ಮಳೆಯಲ್ಲಿ ಅದರ ಎರಡು ಪಟ್ಟು.

ಮಳೆ, ಮಂಜು, ಘಾಟಿ

ವಾರದ ರಜೆಗೆ ಚಾರ್ಮಾಡಿ, ಶಿರಾಡಿ, ಆಗುಂಬೆ ಎಂದು ಹೊರಡುವ ನಗರದ ಹುಡುಗರಿಗೆ ಈ ಮಾತು. ಮಳೆಯಲ್ಲಿ ಮುಂದಿನ ಗಾಜು ಒಳಗಿನಿಂದ ಮಬ್ಬಾದರೆ ಕೈಯಿಂದ, ಟವೆಲಿನಿಂದ ಒರೆಸುತ್ತಾ ಓಡಿಸಬೇಡಿ. ಎಸಿ ಹಾಕಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಹೊರಗಿನ ಗಾಳಿ ಒಳಬರುವ ಗುಂಡಿ ಒತ್ತಿ. ಎಸಿ ತೇವ ಹೀರುತ್ತದೆ, ಗಾಜು ತಿಳಿಯಾಗುತ್ತದೆ. ಕರಾವಳಿಯ ಸೆಕೆಯಲ್ಲಿ ಗಾಜಿನ ಹೊರಮೈ ಮಬ್ಬಾದರೆ ಕಾರಣ ಬೇರೆ: ಎಸಿ ಅತಿಯಾಗಿ ತಣ್ಣಗಿದೆ. ಅದನ್ನು ಏರಿಸಿ, ವೈಪರ್ ಒಮ್ಮೆ ಆಡಿಸಿ. ಗಂಟೆಗಟ್ಟಲೆ ಒಳಗಾಳಿಯನ್ನೇ ಸುತ್ತಿಸುತ್ತಿದ್ದರೆ ಉಸಿರುಗಾಳಿ ತುಂಬಿ ಮಂಪರು ಬರುತ್ತದೆ. ಆಗಾಗ ಹೊರಗಾಳಿ ಬಿಡಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟು ಎಸಿಯಲ್ಲಿ ಮಲಗಬೇಡಿ, ಹೊಗೆಯ ವಿಷಕ್ಕೆ ವಾಸನೆಯೂ ಇಲ್ಲ, ದಯೆಯೂ ಇಲ್ಲ.

ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸುತ್ತೇನೆಂದು ನ್ಯೂಟ್ರಲ್‌ಗೆ ಹಾಕುವುದು ಆತ್ಮಹತ್ಯೆ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಎಂಜಿನ್ನೇ ವೇಗ ಹಿಡಿಯುತ್ತದೆ, ಬ್ರೇಕ್ ಕಾದು ಸೋಲುವುದಿಲ್ಲ. ಕಡಿದಾದ ದಾರಿಯಲ್ಲಿ ಹತ್ತುವ ವಾಹನಕ್ಕೆ ಮೊದಲ ಹಕ್ಕು, ಇಳಿಯುವವರು ಕಾಯಬೇಕು.

ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಣುಕುವ ಕೆಂಪು ತ್ರಿಕೋನದ ಗುಂಡಿ ಇದೆಯಲ್ಲ, ಅದನ್ನು ಮಳೆ ಬಂದರೆ, ಮಂಜು ಬಿದ್ದರೆ, ಸರ್ಕಲ್‌ನಲ್ಲಿ ನೇರ ಹೋಗಬೇಕಾದರೆ ಒತ್ತುವ ಚಾಳಿ ಯಾರು ಕಲಿಸಿದರೋ ಕಾಣೆವು. ಅದು ಕೆಟ್ಟು ನಿಂತ ಗಾಡಿಯ ಗುರುತು. ಓಡುವಾಗ ಹಾಕಿದರೆ ನೀವು ಎಡಕ್ಕೋ ಬಲಕ್ಕೋ ಎಂದು ಹಿಂದಿನವನಿಗೆ ತಿಳಿಯುವುದೇ ಇಲ್ಲ. ಮಂಜಿನಲ್ಲಿ ಡಿಮ್ ಲೈಟ್ ಮತ್ತು ಫಾಗ್ ದೀಪ. ಹೈಬೀಮ್ ಹಾಕಿದರೆ ಎದುರಿಗೆ ಬರೀ ಬಿಳಿ ಗೋಡೆ.

ಇನ್ನೊಂದು, ಮರೆಯಬಾರದ್ದು. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರು ತುಂಬಿ ಕಾರಿನಲ್ಲಿದ್ದ ಯುವತಿಯೊಬ್ಬಳು ಪ್ರಾಣಬಿಟ್ಟಳು. ವಿಧಾನಸೌಧಕ್ಕೆ ಕೂಗಳತೆಯ ದೂರದಲ್ಲಿ! ನೀರು ಹೋಗಲು ದಾರಿ ಮಾಡದ ಆಡಳಿತವನ್ನು ಬೈಯೋಣ, ಬೈಯಲೇಬೇಕು. ಆದರೆ ಮುಂದಿನ ಮಳೆ ಅವರಿಗಾಗಿ ಕಾಯುವುದಿಲ್ಲ. ಆಳ ಗೊತ್ತಿಲ್ಲದ ನೀರಿಗೆ ಕಾರು ಇಳಿಸಬೇಡಿ. ಇಳಿದು ಸಿಕ್ಕಿಕೊಂಡರೆ ಫೋನ್ ಹುಡುಕುತ್ತಾ ಕೂರಬೇಡಿ. ಮೊದಲ ಕ್ಷಣದಲ್ಲೇ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ದಾಟಿಸಿ, ಹೊರಬನ್ನಿ. ನೀರು ಏರಿದ ಮೇಲೆ ಬಾಗಿಲು ತೆರೆಯುವುದಿಲ್ಲ, ವಿದ್ಯುತ್ ಕಿಟಕಿಯೂ ಮಾತು ಕೇಳದೆ ಹೋಗಬಹುದು. ಕಾರು ಹೋದರೆ ಹೋಗಲಿ.

ಅಪಘಾತ ಕಂಡರೆ ಮೊಬೈಲಿನಲ್ಲಿ ಚಿತ್ರ ಹಿಡಿಯಬೇಡಿ, 108ಕ್ಕೋ 112ಕ್ಕೋ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033. ಗಾಯಾಳುವಿಗೆ ನೆರವಾದವನನ್ನು ಕೋರ್ಟು ಕಚೇರಿ ಎಂದು ಅಲೆಸುವಂತಿಲ್ಲ. ಕಾಯಿದೆಯ 134ಎ ಕಲಂ ನಿಮ್ಮ ಬೆನ್ನಿಗಿದೆ.

ಕೈಪಿಡಿ ಯಾವ ಭಾಷೆಯಲ್ಲಿದೆ?

ಕೊನೆಗೆ ನಮ್ಮ ಮಾತಿಗೆ ಬರೋಣ. ಮುಂದಿನ ಸೀಟಿನ ಎದುರಿನ ಪೆಟ್ಟಿಗೆ ತೆರೆಯಿರಿ. ಅಲ್ಲಿ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಒಂದು ದಪ್ಪ ಪುಸ್ತಕ ಇರುತ್ತದೆ. ನಾವು ಇಷ್ಟು ಹೊತ್ತು ಹೇಳಿದ ಬಹುಪಾಲು ಅದರಲ್ಲೇ ಇದೆ. ಇಂಗ್ಲಿಷ್ ಬಲ್ಲ ನೀವು ಅದನ್ನು ಓದಿದ್ದೀರಾ? ಎದೆ ಮುಟ್ಟಿ ಹೇಳಿ. ಲಕ್ಷಗಟ್ಟಲೆ ಸಾಲ ಮಾಡಿ ಕಾರು ತಂದವರು ಅದನ್ನು ಅರ್ಥ ಮಾಡಿಕೊಳ್ಳಲು ಒಂದು ಸಂಜೆ ಕೊಡಲಿಲ್ಲ.

ಇನ್ನು ಇಂಗ್ಲಿಷ್ ಬಾರದವನ ಗತಿ? ಮಂಡ್ಯದಿಂದ, ರಾಯಚೂರಿನಿಂದ, ಕಲಬುರಗಿಯಿಂದ ಬಂದು ಬೆಂಗಳೂರಿನಲ್ಲಿ ಹಗಲೂ ರಾತ್ರಿ ಟ್ಯಾಕ್ಸಿ ಓಡಿಸುವ ನಮ್ಮ ಹುಡುಗನಿಗೆ ಆ ಪುಸ್ತಕ ತೂಕದ ಕಾಗದ. ಫಲಕದ ದೀಪಗಳಿಗೆ ಭಾಷೆ ಇಲ್ಲ. ಗಿಂಡಿಯೂ ಥರ್ಮಾಮೀಟರೂ ಜಗತ್ತಿಗೆಲ್ಲ ಒಂದೇ ಚಿತ್ರ. ಆದರೆ ಆ ಚಿತ್ರದ ಅರ್ಥ ಹೇಳುವ ಮಾತಿಗೆ ಭಾಷೆ ಬೇಕು. ಕರ್ನಾಟಕದಲ್ಲಿ ಮಾರುವ ಕಾರಿನ ಸುರಕ್ಷತೆಯ ಮಾತು ಕನ್ನಡದಲ್ಲಿ ಇರಬೇಕು. ಇದು ಅಭಿಮಾನದ ಪ್ರಶ್ನೆ ಮಾತ್ರ ಅಲ್ಲ, ಜೀವದ ಪ್ರಶ್ನೆ. ಕಾರು ಕೊಳ್ಳುವ ದಿನ ಸಹಿ ಹಾಕುವ ಮುಂಚೆ ಷೋರೂಮಿನಲ್ಲಿ ಕೇಳಿ: ಕನ್ನಡ ಕೈಪಿಡಿ ಎಲ್ಲಿ? ಎಲ್ಲ ಗುಂಡಿ, ಎಲ್ಲ ದೀಪವನ್ನೂ ಕನ್ನಡದಲ್ಲಿ ವಿವರಿಸಿ ಕೊಡಿ. ಜಗಳ ಬೇಡ, ಕಲ್ಲು ಬೇಡ. ಹಣ ಕೊಡುವವರು ನೀವು, ಕೇಳುವ ಹಕ್ಕೂ ನಿಮ್ಮದು. ಎಲ್ಲರೂ ಕೇಳಿದ ದಿನ ಅಚ್ಚಾಗಿ ಬರುತ್ತದೆ.

ಅಲ್ಲಿಯವರೆಗೆ ಆ ಕೈಪಿಡಿ ನೀವೇ ಆಗಿ. ಈ ಭಾನುವಾರ ಸಂಜೆ ಮನೆಯ ಮುಂದೆ ನಿಂತ ಕಾರಿನಲ್ಲಿ ಅಪ್ಪನನ್ನು, ಅಮ್ಮನನ್ನು, ತಂಗಿಯನ್ನು ಕೂರಿಸಿ. ಪುಸ್ತಕ ತೆರೆದು ಒಂದೊಂದೇ ದೀಪ, ಒಂದೊಂದೇ ಗುಂಡಿ ಕನ್ನಡದಲ್ಲಿ ಹೇಳಿಕೊಡಿ. ಬೀದಿಯ ಮೂಲೆಯ ಟ್ಯಾಕ್ಸಿ ಸ್ಟ್ಯಾಂಡಿನ ಅಣ್ಣಂದಿರಿಗೂ ಹೇಳಿಕೊಡಿ. ಅವರಿಂದ ಘಾಟಿ ಓಡಿಸುವುದನ್ನು ನೀವು ಕಲಿಯಿರಿ. ವೇದಿಕೆ, ಮೈಕು, ಹಾರ ಇಲ್ಲದ ಕನ್ನಡದ ಕೆಲಸ ಇದು.

ಮುಂದಿನ ನವೆಂಬರ್ 1ಕ್ಕೆ ಮತ್ತೆ ಕಾರುಗಳು ಸಾಲುಗಟ್ಟಲಿ, ಬಾವುಟ ಹಾರಲಿ. ಆದರೆ ಒಂದು ಶಪಥದೊಂದಿಗೆ: ಕಿಟಕಿಯ ಮೇಲೆ ಯಾರೂ ಕೂರುವುದಿಲ್ಲ, ಕಿಂಡಿಯಿಂದ ಯಾರೂ ನಿಲ್ಲುವುದಿಲ್ಲ, ಹಿಂದೆ ಕೂತವರು ಸೇರಿ ಎಲ್ಲರ ಎದೆಯ ಮೇಲೂ ಬೆಲ್ಟ್ ಇರುತ್ತದೆ, ಆಂಬುಲೆನ್ಸ್ ಬಂದರೆ ಇಡೀ ಮೆರವಣಿಗೆ ಪಕ್ಕಕ್ಕೆ ಸರಿಯುತ್ತದೆ. ಹೊರಟವರಷ್ಟೂ ಮನೆಗೆ ಮರಳಿದರೆ ಅದೇ ನಿಜವಾದ ರಾಜ್ಯೋತ್ಸವ.

ಸಂಜೆಗೆ ಮನೆಯಲ್ಲಿ ಯಾರೋ ನಿಮ್ಮ ಹಾದಿ ಕಾಯುತ್ತಿರುತ್ತಾರೆ. ಅವರು ಕಾಯುವುದೂ ಕನ್ನಡದಲ್ಲೇ. ಬೇಗ ಹೋಗಬೇಡಿ, ಹೋಗಿ ಸೇರಿ.